ಅಳಿಸಿದ ಸುಣ್ಣದ ಬೊಟ್ಟು

ಅವಳ ಬಲಗೈ ತೋರುಬೆರಳಿನ ಉಗುರು ಯಾವಾಗಲೂ ಬೆಳ್ಳಗಿರುತ್ತಿತ್ತು. ಬಣ್ಣವಲ್ಲ, ಸುಣ್ಣ. ಎಲೆಗೆ ಸವರಿ ಸವರಿ ಉಗುರಿನ ಸಂದಿಯಲ್ಲಿ ಅದು ಮನೆ ಮಾಡಿಕೊಂಡಿತ್ತು. ಉಳಿದ ಒಂಬತ್ತು ಬೆರಳು ಹಾಲು ಕರೆದು ಕರೆದು ನುಣ್ಣಗಾಗಿದ್ದವು, ಆ ಒಂದು ಬೆರಳು ಮಾತ್ರ ಗೋಡೆ ಬಳಿಯುವವರದ್ದು. ನಮ್ಮಮ್ಮ ದಿನಾ ಹೇಳುತ್ತಿದ್ದಳು, "ಆ ಬೆರಳು ಹಾಲಿಗೆ ಅದ್ದಬೇಡ ಮಾರಾಯ್ತಿ." ಅವಳೂ ದಿನಾ ಒಂದೇ ಉತ್ತರ ಕೊಡುತ್ತಿದ್ದಳು: "ಅದ್ದಿದ್ರೆ ನಿನ್ ಮಕ್ಳ ಮೂಳೆ ಗಟ್ಟಿ ಆಗ್ತದೆ, ಬಿಡು."

ನಮಗೆಲ್ಲ ಅವಳು ಹಾಲಿನಕ್ಕ. ಪಕ್ಕದ ತಮಿಳರ ಮನೆಗೆ ಪಾಲ್ಕಾರಮ್ಮ, ಅದರಾಚೆಯ ತೆಲುಗರ ಮನೆಗೆ ಪಾಲಕ್ಕ. ಯಾವ ಬಾಗಿಲಲ್ಲಿ ನಿಂತರೆ ಆ ಬಾಗಿಲಿನ ಭಾಷೆ ಮಾತಾಡುತ್ತಿದ್ದಳು. ಬೈಯೋದು ಮಾತ್ರ ಎಲ್ಲರಿಗೂ ಕನ್ನಡದಲ್ಲೇ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಎರಡು ಕ್ಯಾನು ಹೊತ್ತು ಬೆಳಗಿನ ರೈಲು ಹಿಡಿದು ಉರಿಗಾಂನಲ್ಲಿ ಇಳಿದರೆ ನಮ್ಮ ಸಾಲುಮನೆಗಳಿಗೆ ಬೆಳಗಾಗುತ್ತಿತ್ತು. ನಮ್ಮಪ್ಪ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಗಡಿಯಾರ ನೋಡಿ ಸಂಬಳ ತಗೊಳ್ಳುವ ಮನುಷ್ಯ, ಆದರೆ ತಮ್ಮ ಕೈಗಡಿಯಾರಕ್ಕೆ ಸಮಯ ಹೊಂದಿಸುತ್ತಿದ್ದದ್ದು ಹಾಲಿನಕ್ಕ ಬಂದ ಹೊತ್ತು ನೋಡಿ.

ಅಳೆದು ಕೊಟ್ಟ ಮೇಲೆ ಒಂದು ಚೂರು ಕೊಸರು ಹಾಕದೆ ಅವಳು ಯಾವ ಬಾಗಿಲನ್ನೂ ದಾಟಿದವಳಲ್ಲ. ಆ ಕೊಸರಿನ ಜೊತೆ ಒಂದು ತನಿಖೆಯೂ ಇರುತ್ತಿತ್ತು. ಯಾಕೆ ಮುಖ ಸಪ್ಪಗಿದೆ, ಯಾಕೆ ನಿನ್ನೆ ಪಾತ್ರೆ ಸರಿಯಾಗಿ ಬೆಳಗಿಲ್ಲ, ಮಗೀಗೆ ಕೆಮ್ಮು ಬಂದು ಎಷ್ಟು ದಿನ ಆಯ್ತು. ಎಲ್ಲಕ್ಕೂ ಅವಳಿಗೆ ಗುರುತು ಬೇಕು, ಗುರುತಿಗೆ ಆ ಬಿಳಿ ಬೆರಳು ಬೇಕು. ಒಡೆದ ಕ್ಯಾನಿನ ತೂತಿನ ಪಕ್ಕ ಒಂದು ಸುಣ್ಣದ ಬೊಟ್ಟು, ಬೆಸುಗೆಯವನಿಗೆ ತೋರಿಸೋದಕ್ಕೆ. ಪ್ರತಿ ಯುಗಾದಿಗೆ ನನ್ನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ತಲೆಯ ಮೇಲೆ ಒಂದು ಬೊಟ್ಟು, ಎಷ್ಟು ಬೆಳೆದೆ ಅಂತ.

ನಾನು ಹಿಮ್ಮಡಿ ಎತ್ತಿ ನಿಂತರೆ ತಲೆಗೊಂದು ಮೊಟಕುತ್ತಿದ್ದಳು. "ನೆಟ್ಟಗೆ ನಿಂತ್ಕೊಳ್ಳೇ. ಓದ ವರ್ಷ ಎಂಗೆ ನಿಂತಿದ್ಯೋ ಅಂಗೇ ನಿಲ್ಬೇಕು. ಒಂದೊಂದ್ ಸಲ ಒಂದೊಂದ್ ತರ ನಿಂತ್ರೆ ನಂಕ ಏನ್ ಗೊತ್ತಾಗ್ತದೆ, ಮಣ್ಣು?"

ನನಗೆ ಆಗ ಎಂಟೋ ಒಂಬತ್ತೋ. ಮುಂದೆ ನಾನು ಡಾಕ್ಟರಾಗಿ, ಒಂದು ಚಿತ್ರವನ್ನು ಇನ್ನೊಂದು ಚಿತ್ರದ ಜೊತೆ ಹೊಂದಿಸಿ ನೋಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಆ ವಿದ್ಯೆಯ ಮೊದಲ ಪಾಠ ಬಾಗಿಲ ಚೌಕಟ್ಟಿನಲ್ಲೇ ಆಗಿತ್ತು. ತಲೆಗೆ ಹತ್ತಲಿಲ್ಲ, ಅಷ್ಟೆ.

ಎರಡನೇ ಪಾಠವೂ ಆಗಿತ್ತು, ಅದನ್ನು ಹೇಳದಿದ್ದರೆ ನನ್ನ ತಪ್ಪಿನ ಅರ್ಧ ಮುಚ್ಚಿಟ್ಟಂತೆ. ಒಂದು ಬೇಸಿಗೆ ರಜೆಯಲ್ಲಿ ಅಮ್ಮನನ್ನು ಕಾಡಿ ಬೇಡಿ ಅವಳ ಜೊತೆ ಅವಳ ಹಳ್ಳಿಗೆ ಹೋಗಿದ್ದೆ. ಅವಳ ಮನೆಯಲ್ಲಿ ಒಂದು ಕಂದು ಹಸು ಇತ್ತು, ಭಾರೀ ಒದೆಯುವ ಜಾತಿ. ಅದರ ಕೆಚ್ಚಲೊಳಗೆ ಗಂಟು ಕಟ್ಟಿತ್ತು. ಬೆಳಿಗ್ಗೆ ಹಾಲು ಕರೆಯುವಾಗ ಅವಳು ಆ ಗಂಟಿನ ನೆತ್ತಿಗೆ ಸರಿಯಾಗಿ ಒಂದು ಸುಣ್ಣದ ಬೊಟ್ಟು ಇಟ್ಟಳು. ಮಧ್ಯಾಹ್ನ ದನದ ಡಾಕ್ಟರು ಬಂದರು. ಹಸುವಿನ ಕಾಲಿಗೆ ಹಗ್ಗ ಹಾಕಿ ನಾಲ್ಕು ಜನ ಸೇರಿ ಮಲಗಿಸಿದರು. ಮಲಗಿಸಿದ್ದೇ ತಡ, ಕೆಚ್ಚಲು ಒಂದು ಪಕ್ಕಕ್ಕೆ ಜಾರಿ ಹರಡಿಕೊಂಡಿತು. ಡಾಕ್ಟರು ಇಲ್ಲಿ ಒತ್ತಿದರು, ಅಲ್ಲಿ ಒತ್ತಿದರು. "ಎಲ್ಲಮ್ಮಾ ಗಂಟು, ಏನೂ ಇಲ್ವಲ್ಲ" ಅಂದರು.

"ಸುಣ್ಣ ಇಟ್ಟಿದೀನಲ್ಲ ಸಾಮಿ. ಬೊಟ್ಟು ಎತ್ತಗೆ ಓಗೈತೆ ನೋಡಿ. ತೊಡೆ ಸಂದೀಲಿ."

ಬೊಟ್ಟು ತೊಡೆಯ ಮಡಿಕೆಯೊಳಗೆ ಹೋಗಿ ಕೂತಿತ್ತು. ಅದರ ಕೆಳಗೆ ಬೆರಳಿಟ್ಟರೆ ಗಂಟು. ಡಾಕ್ಟರು ನಗುತ್ತಾ, ನೀನು ನನ್ನ ಕೆಲಸಕ್ಕೆ ಬಂದುಬಿಡು ಅಂದರು. ಅವಳು ನನ್ನ ಕಡೆ ತಿರುಗಿ ಹೇಳಿದಳು, "ನಿಂತಾಗ ಒಂದ್ ಕಡೆ, ಮಲಗಿದಾಗ ಒಂದ್ ಕಡೆ. ಮಾಂಸ ಅಂದ್ರೆ ಅಂಗೇ ಪಾಪಾ. ಚರ್ಮದ್ ಮ್ಯಾಲೆ ಗುರ್ತು ಇದ್ರೆ ಅದ್ರ ಜತೇಲೇ ಓಗ್ತದೆ." ನಾನು ಕಣ್ಣಾರೆ ನೋಡಿದ್ದೆ, ಕಿವಿಯಾರೆ ಕೇಳಿದ್ದೆ.

ಓದು ಮುಗಿಸಿ, ಬೆಂಗಳೂರಿನಲ್ಲಿ ಎಕ್ಸ್‌ರೇ ಮತ್ತು ಸ್ಕ್ಯಾನಿನ ವಿದ್ಯೆ ಕಲಿತು ನಾನು ಬಂಗಾರಪೇಟೆಗೆ ಬಂದಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ಸಣ್ಣ ಖಾಸಗಿ ಆಸ್ಪತ್ರೆಯವರು ಸ್ಕ್ಯಾನ್ ಯಂತ್ರ ತರಿಸಿ ನನ್ನನ್ನು ಕೂರಿಸಿದರು. ಆ ಸುತ್ತಿನಲ್ಲಿ ಈ ಕೆಲಸಕ್ಕೆ ಹೆಂಗಸು ಅಂತ ನಾನೊಬ್ಬಳೇ. ಹೊಸ ಯಂತ್ರ, ಹೊಸ ಡಿಗ್ರಿ, ಬಾಗಿಲ ಮೇಲೆ ನನ್ನ ಹೆಸರಿನ ಹಲಗೆ. ಕಾಲು ನೆಲದ ಮೇಲೆ ಇತ್ತು ಅಂತ ಹೇಳಲಾರೆ.

ಹಾಲಿನಕ್ಕನಿಗೆ ಆ ಹಲಗೆ ನೋಡೋದೇ ಒಂದು ಹಬ್ಬ. ರೈಲಿಗೆ ಹೊತ್ತಿದ್ದರೆ ಸಾಕು, ಒಳಗೆ ಬಂದು ಕೂತು, ಕಾಯುತ್ತಿದ್ದ ಹೆಂಗಸರಿಗೆಲ್ಲ ಹೇಳುತ್ತಿದ್ದಳು: "ನಮ್ ಪಾಪ ಇದು. ನನ್ ಆಲು ಕುಡ್ದು ಬೆಳ್ದಿದ್ದು. ಎದ್ರುಕೋಬೇಡಿ, ಎಲ್ಲಾ ಕಾಣ್ತದೆ ಆಯಮ್ಮನ್ ಮಿಶೀನಲ್ಲಿ." ನನಗೆ ನಾಚಿಕೆಯೂ ಆಗುತ್ತಿತ್ತು, ಹಿಗ್ಗೂ ಆಗುತ್ತಿತ್ತು. ನಿಜ ಹೇಳಬೇಕೆಂದರೆ ಹಿಗ್ಗೇ ಹೆಚ್ಚು.

ಒಂದು ದಿನ ಅಮ್ಮ ಊರಿಂದ ಫೋನ್ ಮಾಡಿದಳು. ಹಾಲಿನಕ್ಕನ ಬಲಗಡೆ ಎದೆಯಲ್ಲಿ ಗಂಟಿದೆಯಂತೆ, ಎಷ್ಟು ದಿನದಿಂದಲೋ ಯಾರಿಗೂ ಹೇಳಿಲ್ಲ, ಇವತ್ತು ಹಾಲು ಅಳೆಯುತ್ತಾ ಅಳೆಯುತ್ತಾ ಹೇಳಿದಳು. ನಾನು ಅವಳನ್ನು ನಮ್ಮ ಸರ್ಜನ್ ಹತ್ತಿರ ಕರೆದುಕೊಂಡು ಹೋದೆ. ಗಂಡಸು ಅಂತ ಅವಳು ಸೆರಗು ಸರಿಸಲೇ ಇಲ್ಲ. ಅವರು ಒಳ್ಳೆಯವರು, ಬಲವಂತ ಮಾಡಲಿಲ್ಲ. "ಬೆಂಗಳೂರಿಗೆ ಕಳಿಸಿ ಮ್ಯಾಮೋಗ್ರಾಂ ಮಾಡಿಸೋಣ, ಆಮೇಲೆ ನೀವು ಸ್ಕ್ಯಾನ್ ಮಾಡಿ. ಎರಡೂ ಸೇರಿಸಿ ನೋಡಿ ಹೇಳಿ, ನಿಮ್ಮ ಮಾತಿನ ಮೇಲೆ ಮುಂದಿನದು" ಅಂದರು. ಮ್ಯಾಮೋಗ್ರಾಂ ಅಂದರೆ ಎದೆಯನ್ನು ಎರಡು ಹಲಗೆ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ. ಸೊಸೆಯ ಜೊತೆ ಹೋಗಿ ಮಾಡಿಸಿಕೊಂಡು ಬಂದವಳು ನನ್ನ ಮುಂದೆ ಅದನ್ನು ಅಭಿನಯಿಸಿ ತೋರಿಸಿದಳು. "ನಿಲ್ಲಿಸ್ಬುಟ್ಟು ರೊಟ್ಟಿ ತಟ್ದಂಗೆ ತಟ್ಬುಟ್ರು ಕಣಮ್ಮ. ಮ್ಯಾಲಿಂದ ಒಂದ್ ಸಲ, ಪಕ್ಕದಿಂದ ಒಂದ್ ಸಲ. ಕಾವಲಿ ಮ್ಯಾಲೆ ಆಕೋದೊಂದು ಬಾಕಿ."

ಫಿಲ್ಮುಗಳು ದೊಡ್ಡ ಲಕೋಟೆಯಲ್ಲಿ ಬಂದವು. ತೊಟ್ಟಿನಿಂದ ಮೂರು ಬೆರಳು ದೂರ, ಹೊರಮಗ್ಗುಲಿಗೆ, ಒಂದು ಬಿಳಿ ನೆರಳು. ಸ್ಕ್ಯಾನಿನ ಜೊತೆ ಹೋಲಿಸಿ ತೀರ್ಮಾನಿಸಿ ಎಂದು ಅಲ್ಲಿನವರು ಬರೆದಿದ್ದರು.

ಮಾರನೇ ದಿನ ಅವಳನ್ನು ನನ್ನ ಕೋಣೆಯ ಮಂಚದ ಮೇಲೆ ಮಲಗಿಸಿದೆ. ಸೆರಗು ಸರಿಸಿದಾಗ ಬಲ ಎದೆಯ ಮೇಲೆ, ಕಂಕುಳ ಕಡೆಯ ಮಡಿಕೆಯಲ್ಲಿ, ಒಂದು ಸುಣ್ಣದ ಬೊಟ್ಟು ಒಣಗಿ ನಿಂತಿತ್ತು.

"ಇದೇನಕ್ಕಾ?"

"ನಿಂತಾಗ ಕೈಗೆ ಸಿಗ್ತದೆ ಪಾಪಾ, ಮಲಗಿದ್ರೆ ಜಾರ್ಕಂತದೆ. ಅದ್ಕೇ ಬೆಳಿಗ್ಗೆ ನಿಂತ್ಕಂಡೇ ಗುರ್ತು ಮಾಡ್ಕಂಡ್ ಬಂದೆ. ಅದ್ರ ಕೆಳಗೇ ಐತೆ."

ನರ್ಸ್ ಪಕ್ಕದಲ್ಲಿ ನಿಂತಿದ್ದಳು. ನಾನು ಹತ್ತಿಗೆ ಸ್ಪಿರಿಟ್ ಅದ್ದಿ ಆ ಬೊಟ್ಟನ್ನು ಒರೆಸಿದೆ. ಒಂದೇ ಸಲಕ್ಕೆ ಹೋಗಲಿಲ್ಲ, ಎರಡು ಸಲ ಉಜ್ಜಿದೆ. ಒರೆಸುತ್ತಾ ಹೇಳಿದೆ, "ಅಕ್ಕಾ, ಇದು ದನದ ಆಸ್ಪತ್ರೆ ಅಲ್ಲ."

ನರ್ಸ್ ನಕ್ಕಳು. ಹಾಲಿನಕ್ಕನೂ ನಕ್ಕಳು. ಅವಳು ನಕ್ಕದ್ದು ನನ್ನನ್ನು ನಗಿಸಲಿಕ್ಕೆ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟು. ಫಿಲ್ಮಿನಲ್ಲಿ ಮೂರು ಬೆರಳು ದೂರ ಅಂತ ಇತ್ತಲ್ಲ, ಇಲ್ಲೂ ತೊಟ್ಟಿನಿಂದ ಮೂರು ಬೆರಳು ಅಳೆದು ಅಲ್ಲಿ ಸ್ಕ್ಯಾನಿನ ಕಡ್ಡಿ ಇಟ್ಟೆ. ಅಲ್ಲೇ ಕಂಡಿತು, ದುಂಡಗೆ, ಕಪ್ಪಗೆ, ನೀರು ತುಂಬಿದ ಒಂದು ಗುಳ್ಳೆ. ಗಾತ್ರವೂ ಹೆಚ್ಚುಕಡಿಮೆ ಅದೇ. ಫಿಲ್ಮಿನ ನೆರಳಿನ ಅಂಚು ಒರಟಾಗಿತ್ತು, ಈ ಗುಳ್ಳೆಯ ಅಂಚು ನುಣುಪು. ಒತ್ತಿ ತೆಗೆದಿದ್ದಾರೆ, ಅದಕ್ಕೆ ಅಂಚು ಹಾಗೆ ಕಾಣುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೂಜಿ ಹಾಕಿ ನೀರು ತೆಗೆದೆ. ತಿಳಿನೀರು ಬಂತು. ಕೈಯಿಟ್ಟು ಮುಟ್ಟಿ ನೋಡಲಿಲ್ಲ. ಯಂತ್ರ ಇರುವಾಗ ಕೈ ಯಾಕೆ?

ಎದ್ದು ಕುಪ್ಪಸ ಹಾಕಿಕೊಳ್ಳುವಾಗ ಅವಳು ಬಿಳಿ ಉಗುರಿನ ಬೆರಳನ್ನು ಒಳಗೆ ಹಾಕಿ ತಡವಿದಳು. "ಇನ್ನೂ ಸಿಗ್ತದಲ್ಲ ಪಾಪಾ?"

"ಸೂಜಿ ಹಾಕಿದೀನಲ್ಲ, ಸುತ್ತ ಊತ ಇರುತ್ತೆ. ಇಳಿಯುತ್ತೆ ಹೋಗು."

ನೀರು ತೆಗೆದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಿದ್ದರೆ ಆ ಬಿಳಿ ನೆರಳು ಕದಲದೆ ಅಲ್ಲೇ ಕೂತಿರುವುದು ಕಾಣುತ್ತಿತ್ತು. ಅವಳನ್ನು ಮತ್ತೆ ಬೆಂಗಳೂರಿಗೆ ಯಾಕೆ ಅಲೆಸೋದು ಅಂದುಕೊಂಡೆ. ಇದು ಕರುಣೆ ಅಂತ ಆಗ ಅನಿಸಿತ್ತು, ಈಗ ನೋಡಿದರೆ ಬರೀ ಸೋಮಾರಿತನ. ಬರಿಯ ನೀರುಗುಳ್ಳೆ, ಗಾಬರಿಪಡುವಂಥದ್ದೇನಿಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ಸರ್ಜನ್ ನನ್ನ ಮಾತು ನಂಬಿದರು. ಅವಳೂ ನಂಬಿದಳು. ಆ ವಾರ ಅವಳ ಮನೆಯಲ್ಲಿ ಹಸು ಕರು ಹಾಕಿತ್ತು, ಒಂದು ಡಬ್ಬಿ ತುಂಬ ಗಿಣ್ಣು ಮಾಡಿ ತಂದುಕೊಟ್ಟಳು. ಏಲಕ್ಕಿ ಹಾಕಿದ ಗಿಣ್ಣು. ನಾನೂ ನರ್ಸೂ ಡಬ್ಬಿ ಕೆರೆದು ತಿಂದೆವು.

ಎಂಟು ತಿಂಗಳಾದ ಮೇಲೆ ಅವಳು ಮತ್ತೆ ಬಂದಳು. ಈ ಸಲ ಗುರುತು ಬೇಕಿರಲಿಲ್ಲ. ಕಂಕುಳ ಕಡೆಯ ಚರ್ಮ ಒಳಕ್ಕೆ ಎಳೆದುಕೊಂಡು ಗುಳಿ ಬಿದ್ದಿತ್ತು, ಕಂಕುಳಲ್ಲೂ ಗಂಟು. ಗುಳಿ ಇದ್ದದ್ದು ಸುಣ್ಣದ ಬೊಟ್ಟು ಇದ್ದ ಜಾಗದಲ್ಲೇ.

ಅವಳನ್ನು ಹೊರಗೆ ಕೂರಿಸಿ ನಾನು ಹಳೆಯ ಫಿಲ್ಮುಗಳನ್ನು ತೆಗೆದು ದೀಪದ ಪೆಟ್ಟಿಗೆಗೆ ಸಿಕ್ಕಿಸಿದೆ. ಎಕ್ಸ್‌ರೇ ತೆಗೆದಾಗ ಅವಳು ನಿಂತಿದ್ದಳು, ಎದೆ ಹಲಗೆಗಳ ನಡುವೆ ಚಪ್ಪಟೆಯಾಗಿತ್ತು. ನಾನು ನೋಡಿದಾಗ ಮಲಗಿದ್ದಳು, ಎದೆ ಪಕ್ಕಕ್ಕೆ ಜಾರಿತ್ತು. ನಿಂತಾಗಿನ ಮೂರು ಬೆರಳು ಮಲಗಿದಾಗ ಮೂರೇ ಬೆರಳಾಗಿ ಯಾಕೆ ಇರಬೇಕು? ಎರಡು ಬೇರೆ ಬೇರೆ ಭಂಗಿಯ ಚಿತ್ರಗಳನ್ನು ಒಂದೇ ಕಾಗದ ಅನ್ನುವಂತೆ ಒಂದರ ಮೇಲೊಂದು ಇಟ್ಟು, ಎರಡೂ ಒಂದೇ ಗಂಟು ಅಂದುಬಿಟ್ಟಿದ್ದೆ. ನಾನು ನೀರು ತೆಗೆದ ಗುಳ್ಳೆಯೂ ಆ ಫಿಲ್ಮಿನಲ್ಲೇ ಇತ್ತು, ಬೇರೆ ಕಡೆ, ತೆಳ್ಳಗೆ ಮಸುಕಾಗಿ. ಹುಡುಕಿದರೆ ಸಿಗುತ್ತಿತ್ತು. ಹುಡುಕಿರಲಿಲ್ಲ. ಎರಡು ಚಿತ್ರಗಳನ್ನೂ ಕೂಡಿಸಬಲ್ಲ ಗುರುತು ಒಂದೇ ಒಂದಿತ್ತು, ಅದನ್ನು ನಾನೇ ಸ್ಪಿರಿಟ್ ಹಾಕಿ ಒರೆಸಿದ್ದೆ.

ಸರ್ಜನ್ ಕೋಣೆಗೆ ನಾವಿಬ್ಬರೂ ಒಟ್ಟಿಗೇ ಹೋದೆವು. ಈ ಸಲ ಅವಳು ಸೆರಗು ಸರಿಸಲು ಒಪ್ಪಿದಳು. ಅವರು ನೋಡಿ, ಕೈ ತೊಳೆದುಕೊಂಡು ಬಂದು, ನನ್ನ ಮುಖ ನೋಡಿ ಕೇಳಿದರು, "ಆವತ್ತು ಸ್ಕ್ಯಾನಿನಲ್ಲಿ ಇದು ಇರಲಿಲ್ವಾ ಡಾಕ್ಟ್ರೇ?"

ನಾನು ಏನು ಹೇಳುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ಅವಳು ನನಗಿಂತ ಮುಂಚೆ ಮಾತಾಡಿದಳು.

"ಇಲ್ಲ ಸಾಮಿ. ಆವತ್ತು ನಮ್ ಪಾಪ ಚೆನ್ನಾಗೇ ನೋಡ್ತು. ಅದು ನೀರ್ ಗಂಟು, ಓಯ್ತು. ಇದು ಆಮ್ಯಾಲೆ ಬಂದಿದ್ದು."

ಸರ್ಜನ್ ತಲೆಯಾಡಿಸಿ ಹಾಗೇ ಬರೆದುಕೊಂಡರು. ಒಂದೇ ಒಂದು ಮಾತು, "ಅಲ್ಲ ಸರ್, ತಪ್ಪು ನನ್ನದು" ಅನ್ನೋದಕ್ಕೆ ಎಷ್ಟು ಉಸಿರು ಬೇಕು? ಅಷ್ಟೂ ನನ್ನಲ್ಲಿರಲಿಲ್ಲ. ಹೊಸ ಹಲಗೆಯ ಮೇಲಿನ ಹೆಸರು ಕಣ್ಣ ಮುಂದೆ ಇತ್ತು. ಥೂ ಅನಿಸುತ್ತದೆ ಈಗ ನೆನೆದರೆ.

ಬೆಂಗಳೂರಿನಲ್ಲಿ ಎದೆ ತೆಗೆದರು, ಔಷಧಿ ಏರಿಸಿದರು. ಅಷ್ಟರಲ್ಲಿ ಅದು ಬೆನ್ನುಮೂಳೆಗೆ ಇಳಿದಿತ್ತು. ಎಂಟು ತಿಂಗಳ ಹಿಂದೆಯೇ ಸಿಕ್ಕಿದ್ದರೆ ಬದುಕುತ್ತಿದ್ದಳೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಬದುಕಬಹುದಿತ್ತು. ಈ ಒಂದು ಪದ ಇಟ್ಟುಕೊಂಡು ನಾನು ಇಷ್ಟು ವರ್ಷ ಕಳೆದಿದ್ದೇನೆ.

ಅವಳು ಹಾಸಿಗೆ ಹಿಡಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹಳ್ಳಿಗೆ ಹೋದೆ, ಈ ಸಲ ಹೇಳಿಯೇಬಿಡಬೇಕು ಅಂತ. ಸೊಸೆ ದನಗಳಿಗೆ ನೀರು ತೋರಿಸಲು ಹೊರಗೆ ಹೋಗಿದ್ದಳು. ನಾನು ಪಕ್ಕದಲ್ಲಿ ಕೂತು, "ಅಕ್ಕಾ, ಆವತ್ತು ಸ್ಕ್ಯಾನ್ ಮಾಡಿದಾಗ..." ಅಂತ ಶುರು ಮಾಡಿದೆ.

"ಗೊತ್ತು ಬುಡಮ್ಮ" ಅಂದಳು. "ಸುಣ್ಣ ಇಟ್ಟಿದ್ದು ನಾನೇ ಅಲ್ವಾ? ಎಲ್ಲಿಟ್ಟಿದ್ದೆ ಅಂತ ನಂಕ ಗೊತ್ತಿಲ್ವಾ?"

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವವರೆಗೂ ಸೂರು ನೋಡುತ್ತಾ ಮಲಗಿದ್ದು, ಆಮೇಲೆ ಹೇಳಿದಳು. "ಗಂಟು ತಪ್ಪೋಯ್ತು ಅಂತ ನಂಕ ಬೇಜಾರಿಲ್ಲ. ಕಣ್ಣು ತಪ್ತದೆ, ಎಲ್ಲರ್ದೂ ತಪ್ತದೆ. ಆ ನರ್ಸಮ್ಮನ್ ಮುಂದೆ ದನದ ಆಸ್ಪತ್ರೆ ಅಂದೆ ನೋಡು, ಅದು ಬೇಜಾರಾಯ್ತು. ಆ ದನದ್ ಆಲೇ ಅಲ್ವೇನೇ ನೀನು ಕುಡಿದಿದ್ದು?"

ಮುಖ ಒರೆಸಿಕೊಂಡು ಕೇಳಿದೆ, "ಮತ್ತೆ ಸರ್ಜನ್ ಮುಂದೆ ಯಾಕಕ್ಕಾ ಹಾಗಂದೆ?"

"ನಿನ್ ಮಕ ನೋಡ್ದೆ, ಅದ್ಕೆ. ನಿನ್ ಕೆಲ್ಸ ಓದ್ರೆ ನಮ್ ಎಂಗಸ್ರು ಯಾರ್ ತಾವ ಓಗ್ತಾರೆ? ಗಂಡಸ್ರ ಮುಂದೆ ಸೆರಗ್ ತೆಗೀದೆ ಅಂಗೇ ಸಾಯ್ತಾರೆ." ಉಸಿರು ಎಳೆದುಕೊಂಡು ಮತ್ತೆ ಹೇಳಿದಳು. "ಇನ್ ಮುಂದೆ ಬರೋರ್ ಗುರ್ತು ಅಳಿಸ್ಬೇಡ. ಅಷ್ಟ್ ಮಾಡು ಸಾಕು."

ಆಮೇಲೆ ರವಷ್ಟು ನೀರು ಕೇಳಿದಳು. ಕುಡಿಸಿದೆ. ಅಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದಳು.

ಎರಡು ವಾರಕ್ಕೆ ಹೋಗಿಬಿಟ್ಟಳು. ಸುದ್ದಿ ಬಂದ ಬೆಳಿಗ್ಗೆ ಅಮ್ಮನೂ ನಾನೂ ಹೋದೆವು. ಉರಿಗಾಂನಿಂದ ಎಷ್ಟೋ ಹೆಂಗಸರು ರೈಲಿನಲ್ಲಿ ಬಂದಿದ್ದರು, ಮೂರು ಭಾಷೆಯಲ್ಲೂ ಅಳುತ್ತಿದ್ದರು. ಅವಳ ಬಲಗೈ ಎದೆಯ ಮೇಲಿತ್ತು. ಎಲೆ ಅಡಿಕೆ ಬಿಟ್ಟು ತಿಂಗಳುಗಳಾಗಿತ್ತು, ಉಗುರಿನ ಸಂದಿಯ ಸುಣ್ಣವೆಲ್ಲ ಹೋಗಿ ಆ ಬೆರಳು ಉಳಿದ ಬೆರಳುಗಳ ಹಾಗೇ ಆಗಿತ್ತು. ನಾನು ಅದನ್ನು ಹಿಡಿದುಕೊಂಡು ಕೂತಿದ್ದೆ. ಡಾಕ್ಟ್ರಮ್ಮನಿಗೆ ಎಷ್ಟು ಪ್ರೀತಿ ನೋಡಿ ಅಂತ ಯಾರೋ ಹಿಂದೆ ಅಂದರು. ಎದ್ದು ಓಡಿಹೋಗಬೇಕು ಅನಿಸಿತು.

ಅಂದಿನಿಂದ ನನ್ನ ಕೋಣೆಯಲ್ಲಿ ಒಂದು ರೂಢಿ. ಬಂದ ಹೆಂಗಸನ್ನು ಮೊದಲು ನಿಲ್ಲಿಸುತ್ತೇನೆ. ಎಲ್ಲಿ ಸಿಗುತ್ತದಮ್ಮಾ, ನಿನ್ನ ಬೆರಳಲ್ಲೇ ತೋರಿಸು ಅನ್ನುತ್ತೇನೆ. ಆ ಬೆರಳು ನಿಂತ ಕಡೆ ಪೆನ್ನಿನಿಂದ ಬೊಟ್ಟಿಡುತ್ತೇನೆ, ಆಮೇಲೆ ಮಲಗಿಸಿ ಬೊಟ್ಟಿನ ಕೆಳಗೆ ನೋಡುತ್ತೇನೆ. ಎಕ್ಸ್‌ರೇಗೆ ಕಳಿಸುವಾಗ ಅದೇ ಬೊಟ್ಟಿನ ಮೇಲೆ ಸೀಸದ ಸಣ್ಣ ಗುಂಡು ಅಂಟಿಸಿ ಕಳಿಸುತ್ತೇನೆ, ಫಿಲ್ಮಿನಲ್ಲೂ ಗುರುತು ಬೀಳಲಿ ಅಂತ. ಬೇರೆ ಊರಿನ ದೊಡ್ಡವರು ಮೊದಲೇ ಹೀಗೆ ಮಾಡುತ್ತಿದ್ದರಂತೆ, ಆಮೇಲೆ ಓದಿ ತಿಳಿದೆ. ಈ ರೀತಿಯಲ್ಲಿ ಎಷ್ಟೋ ಜನರ ಗಂಟು ಹೊತ್ತಿಗೆ ಸರಿಯಾಗಿ ಸಿಕ್ಕಿದೆ. ಅವರು ನನಗೆ ಕೈಮುಗಿದು ಹೋಗುತ್ತಾರೆ.

ಒಮ್ಮೆ ಡಾಕ್ಟರುಗಳ ಸಭೆಯೊಂದರಲ್ಲಿ ಆ ಸರ್ಜನ್ನೇ ಎದ್ದು ನಿಂತು ನನ್ನನ್ನು ಹೊಗಳಿದರು. ನಿಂತ ಭಂಗಿಯ ಚಿತ್ರಕ್ಕೂ ಮಲಗಿದ ಭಂಗಿಯ ಚಿತ್ರಕ್ಕೂ ತಾಳೆ ಹಾಕುವುದರಲ್ಲಿ ನಮ್ಮ ಡಾಕ್ಟ್ರು ಎಷ್ಟು ಎಚ್ಚರ ನೋಡಿ ಅಂದರು. ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದರು. "ಅನುಭವದಿಂದ" ಅಂದೆ. ಚಪ್ಪಾಳೆ ತಟ್ಟಿದರು. ಅವಳು ಅಳಿಸಬೇಡ ಅಂದದ್ದನ್ನು ಮಂಚದ ಪಕ್ಕ ಪಾಲಿಸಿದೆ, ಸಭೆಯಲ್ಲಿ ಅವಳನ್ನೇ ಅಳಿಸಿದೆ.

ಇಷ್ಟೆಲ್ಲ ಬರೆದೂ ಅವಳ ಹೆಸರು ಹೇಳಲಿಲ್ಲ ಅಂತ ಓದಿದವರಿಗೆ ಅನಿಸಬಹುದು. ಹೆಸರು ನನಗೆ ಗೊತ್ತು. ಅದನ್ನು ನನ್ನ ಕೈಯಾರೆ ಒಂದೇ ಒಂದು ಸಲ ಬರೆದಿದ್ದೇನೆ, ಆ ವರದಿಯ ತಲೆಯ ಮೇಲೆ, ಚೊಕ್ಕ ಅಕ್ಷರದಲ್ಲಿ. ಅದರ ಕೆಳಗೆ ಗಾಬರಿಪಡುವಂಥದ್ದೇನಿಲ್ಲ ಅಂತ ಬರೆದು ಸಹಿ ಹಾಕಿದ ಕೈಯಿದು. ಇನ್ನೊಂದು ಸಲ ಆ ಹೆಸರು ಬರೆಯಲು ಈ ಕೈಗೆ ಮುಖವಿಲ್ಲ.